ಮಂಡೆಬಿಸಿ ಮತ್ತು ಸುರಂಗದ ದೀಪ

(ಕಾಸರಗೋಡು ಜಿಲ್ಲೆಯ ಪೆರ್ಲದ ಹತ್ತಿರದ ಒಂದು ಗ್ರಂಥಾಲಯದಲ್ಲಿ ಭಾನುವಾರ ಮಧ್ಯಾಹ್ನ ಮಾತಾಡಿದ್ದು. ಬರೆಯುವಾಗ ಅಲ್ಲಲ್ಲಿ ಸ್ವಲ್ಪ ಸೇರಿಸಿದ್ದೇನೆ. ಕೊನೆಯಲ್ಲಿ ಬಂದ ಪ್ರಶ್ನೆಗಳನ್ನೂ ಇಟ್ಟುಕೊಂಡಿದ್ದೇನೆ.)

ಎಲ್ಲರಿಗೂ ನಮಸ್ಕಾರ. ಇಂಥ ಮಳೆಯಲ್ಲೂ ಬಂದಿದ್ದೀರಿ, ತುಂಬ ಸಂತೋಷ.

ನಾನು ವೈದ್ಯೆ ಅಲ್ಲ. ಮೂವತ್ತು ವರ್ಷ ಕನ್ನಡ ಮಾಧ್ಯಮದ ಮಕ್ಕಳಿಗೆ ಗಣಿತ ಕಲಿಸಿದವಳು. ಆದರೆ ಈ ಅತಿಯಾಗಿ ಯೋಚಿಸುವ ಅಭ್ಯಾಸ ಇದೆಯಲ್ಲ, ಅದರ ಜೊತೆ ನಾನು ಬಹಳ ವರ್ಷ ಬದುಕಿದ್ದೇನೆ. ಅದರಿಂದ ಹೊರಗೆ ಬರಲು ಓದಿದ್ದೇನೆ, ತಿಳಿದವರನ್ನು ಕೇಳಿದ್ದೇನೆ. ಅದನ್ನೇ ಇವತ್ತು ನಿಮ್ಮ ಮುಂದೆ ಇಡುತ್ತೇನೆ.

ಮೊದಲು ಒಂದು ರಾತ್ರಿಯ ಕಥೆ ಹೇಳುತ್ತೇನೆ. ಜುಲೈ ತಿಂಗಳು. ರಾತ್ರಿ ಹನ್ನೊಂದು ಗಂಟೆ. ಹಂಚಿನ ಮೇಲೆ ಮಳೆ ಬಿಡದೆ ಸುರಿಯುತ್ತಿತ್ತು. ಅಡಿಕೆಗೆ ಮೊದಲ ಸಲ ಮದ್ದು ಬಿಟ್ಟು 40 ದಿನ ಆಗಿತ್ತು. ಎರಡನೇ ಸಲ ಬಿಡಬೇಕು. ಮಳೆ ಒಂದು ದಿನವೂ ಬಿಡುವು ಕೊಡುತ್ತಿಲ್ಲ. ಹಾಸಿಗೆಯಲ್ಲಿ ಮಲಗಿ ಯೋಚನೆ ಶುರು ಮಾಡಿದೆ. ಈ ಸಲ ಮಹಾಳಿ, ಅದೇ ಅಡಿಕೆಯ ಕೊಳೆರೋಗ, ಬಂದರೆ? ಬೇಲಿಯಾಚೆಯ ತೋಟದಲ್ಲಿ ಆಗಲೇ ಬಂದಿದೆಯಂತೆ. ಅರ್ಧ ಫಸಲು ಹೋದರೆ ಮಗಳ ಹಾಸ್ಟೆಲ್ ಫೀಸಿಗೆ ಏನು ಮಾಡುವುದು? ಸೊಸೈಟಿಯ ಸಾಲ ಬೇರೆ ಉಂಟು. ಆ ಸಾಲ ತೆಗೆಯಬಾರದಿತ್ತು. ಬೇಡ ಅಂತ ಅಣ್ಣ ಹೇಳಿದ್ದ. ನಾನು ಯಾಕೆ ಯಾರ ಮಾತನ್ನೂ ಕೇಳುವುದಿಲ್ಲ? ಅಷ್ಟರಲ್ಲಿ ಬೆಳಿಗ್ಗೆ ಸ್ಟಾಫ್ ರೂಮಿನಲ್ಲಿ ಒಬ್ಬರು ಹೇಳಿದ ಮಾತು ನೆನಪಾಯಿತು. "ನಿಮ್ಮ ಕ್ಲಾಸಿನ ಮಕ್ಕಳು ಈ ಸಲ ಸ್ವಲ್ಪ ಹಿಂದೆ ಅಲ್ವಾ ಟೀಚರ್?" ಅವರು ಹಾಗೆ ಯಾಕೆ ಹೇಳಿದರು? ಎಲ್ಲರ ಮುಂದೆಯೇ ಯಾಕೆ ಹೇಳಿದರು? ನಾನು ನಕ್ಕು ಸುಮ್ಮನಾದದ್ದು ಯಾಕೆ?

ಗಡಿಯಾರ ನೋಡಿದರೆ ಎರಡೂ ಮುಕ್ಕಾಲು. ಹತ್ತಿರ ಹತ್ತಿರ ನಾಲ್ಕು ಗಂಟೆ ಹೊತ್ತು ನಾನು ದೊಡ್ಡ ಕೆಲಸ ಮಾಡುತ್ತಿದ್ದೇನೆ ಅಂದುಕೊಂಡಿದ್ದೆ. ಸಂಸಾರದ ಭಾರವನ್ನೆಲ್ಲ ಹೊತ್ತು ದಾರಿ ಹುಡುಕುತ್ತಿದ್ದೇನೆ ಅಂತ. ಕೊನೆಗೆ ನಿದ್ದೆ ಹಿಡಿದು ಎಚ್ಚರವಾದಾಗ ಏಳೂವರೆ. ಹೊರಗೆ ಒಳ್ಳೆ ಬಿಸಿಲು! ಮರ ಹತ್ತುವವರಿಗೆ ಓಡಿ ಹೋಗಿ ಫೋನ್ ಮಾಡಿದರೆ, "ಆರೂವರೆಗೆ ಮಾಡ್ತಿದ್ರೆ ಬರ್ತಿದ್ದೆ ಟೀಚರೇ, ಈಗ ಬೇರೆ ತೋಟದಲ್ಲಿದ್ದೇನೆ" ಅಂದರು.

ಎರಡು ನಿಮಿಷದ ಒಂದು ಫೋನ್ ಸಾಕಿತ್ತು. ಅದನ್ನು ನುಂಗಿದ್ದು ನನ್ನ ಆ ನಾಲ್ಕು ಗಂಟೆಯ ಯೋಚನೆ.

ನಮ್ಮ ಕಡೆ ಇದಕ್ಕೆ ಒಳ್ಳೆಯ ಮಾತು ಉಂಟು. ಮಂಡೆಬಿಸಿ. ತುಳುವಿನಲ್ಲಿ ಮಂಡೆ ಬೆಚ್ಚ. "ಮಂಡೆಬಿಸಿ ಮಾಡ್ಬೇಡ" ಅಂತ ದಿನಕ್ಕೆ ಹತ್ತು ಸಲ ಹೇಳುತ್ತೇವೆ, ಕೇಳುತ್ತೇವೆ. ಈಗಿನ ಮಕ್ಕಳು ಓವರ್‌ಥಿಂಕಿಂಗ್ ಅನ್ನುತ್ತಾರೆ. ನನಗೆ ಹಳೆಯ ಮಾತೇ ಇಷ್ಟ. ಅದರಲ್ಲಿ ತಲೆ ಬಿಸಿಯಾದದ್ದು ಮಾತ್ರ ಇದೆ, ಯೋಚಿಸಿದ್ದು ಇಲ್ಲ. ಯೋಚನೆ ಜಾಸ್ತಿಯಾದರೆ ತಪ್ಪೇನೂ ಇಲ್ಲ. ಗಣಿತದ ಒಂದು ಲೆಕ್ಕಕ್ಕೆ ಎರಡು ಗಂಟೆ ಯೋಚಿಸಿದವರನ್ನು ಯಾರೂ ಓವರ್‌ಥಿಂಕಿಂಗ್ ಅನ್ನುವುದಿಲ್ಲ. ಅಲ್ಲಿ ಹೆಜ್ಜೆ ಮುಂದೆ ಹೋಗುತ್ತಾ ಇರುತ್ತದೆ. ಮಂಡೆಬಿಸಿಯಲ್ಲಿ ಹೊರಟ ಜಾಗಕ್ಕೇ ಬಂದು ನಿಲ್ಲುತ್ತೇವೆ, ಹೊರಟಾಗ ಇದ್ದದ್ದಕ್ಕಿಂತ ಹೆಚ್ಚು ಸುಸ್ತಾಗಿ.

ಇಂಗ್ಲಿಷಿನಲ್ಲಿ ಮನಶ್ಶಾಸ್ತ್ರದವರು ಇದನ್ನು ರೂಮಿನೇಶನ್ ಅನ್ನುತ್ತಾರೆ. ದನ ಮೆಲುಕು ಹಾಕುವುದಕ್ಕೂ ಅದೇ ಮಾತು. ನಾವೂ "ಹಳೆಯದನ್ನು ಮೆಲುಕು ಹಾಕುವುದು" ಅನ್ನುತ್ತೇವೆ ನೋಡಿ. ಆದರೆ ದನ ಮೆಲುಕು ಹಾಕಿದ್ದು ಜೀರ್ಣವಾಗುತ್ತದೆ. ಹಟ್ಟಿಯಲ್ಲಿ ಮೆಲುಕು ಹಾಕುತ್ತಾ ಮಲಗಿದ ದನದ ಮುಖ ನೋಡಿದ್ದೀರಲ್ಲ, ಎಷ್ಟು ಸಮಾಧಾನ ಅದಕ್ಕೆ!

ಈಗ ನಮ್ಮ ಊರಿನದೇ ಒಂದು ಸಂಗತಿಗೆ ಬರುತ್ತೇನೆ. ಸುರಂಗ. ನಿಮ್ಮಲ್ಲಿ ಅರ್ಧ ಜನರ ಮನೆಗೆ ಸುರಂಗದ ನೀರೇ ಬರುವುದು. ಗುಡ್ಡದ ಮುರಕಲ್ಲನ್ನು ಅಡ್ಡಕ್ಕೆ ಕೊರೆದು, ಒಬ್ಬ ಮನುಷ್ಯ ಹೋಗುವಷ್ಟು ದಾರಿ ಮಾಡಿ, ಒಳಗಿನ ಒರತೆಯನ್ನು ಹೊರಗೆ ಹರಿಸುವುದು. ಪಂಪೂ ಬೇಡ, ಕರೆಂಟೂ ಬೇಡ. ಕಾಸರಗೋಡು ಮತ್ತು ದಕ್ಷಿಣ ಕನ್ನಡದ ಈ ಗುಡ್ಡಗಳಲ್ಲಿ ಇಂಥವು ಸಾವಿರಾರು ಇವೆ. ಗಡಿಯಾಚೆ ಅಡ್ಯನಡ್ಕದ ಅಮೈ ಮಹಾಲಿಂಗ ನಾಯ್ಕರು ಒಬ್ಬರೇ ಸುರಂಗ ಕೊರೆದು ಬೋಳುಗುಡ್ಡವನ್ನು ತೋಟ ಮಾಡಿದವರು. 2022ರಲ್ಲಿ ಅವರಿಗೆ ಪದ್ಮಶ್ರೀ ಬಂತು. ಅವರು ಕೊರೆದ ಮೊದಲ ಸುರಂಗಗಳಲ್ಲಿ ನೀರು ಸಿಕ್ಕಿರಲಿಲ್ಲ. ಸಿಗದ್ದನ್ನು ಬಿಟ್ಟು ಬೇರೆ ಜಾಗದಲ್ಲಿ ಕೊರೆದರು.

ನಾನು ಸಣ್ಣವಳಿದ್ದಾಗ ನಮ್ಮ ಮನೆಯ ಹಿಂದಿನ ಗುಡ್ಡದಲ್ಲೂ ಸುರಂಗ ಕೊರೆಸಿದರು. ಕೊರೆಯುವವರು ಒಬ್ಬರು, ಮಣ್ಣು ಹೊರುವವರು ಒಬ್ಬರು. ನಾನು ಶಾಲೆಯಿಂದ ಬಂದವಳೇ ಬಾಯಿಯ ಹತ್ತಿರ ಹೋಗಿ ಕೂರುತ್ತಿದ್ದೆ. ಪಿಕ್ಕಾಸಿನ ಸದ್ದು ಒಳಗಿನಿಂದ ದಿನದಿನಕ್ಕೆ ಸಣ್ಣದಾಗುತ್ತಾ ಹೋಗುತ್ತಿತ್ತು. ಸಂಜೆ ಕೆಲಸ ನಿಲ್ಲಿಸುವಾಗ ಅವರು ಕೊನೆಯ ಹಿಡಿ ಮಣ್ಣನ್ನು ಮುಷ್ಟಿಯಲ್ಲಿ ಹಿಡಿದುಕೊಂಡು ಬರುತ್ತಿದ್ದರು. ಹೊರಗೆ ಬೆಳಕಿನಲ್ಲಿ ಮುಷ್ಟಿ ಬಿಚ್ಚಿ ನೋಡುತ್ತಿದ್ದರು. ಮಣ್ಣು ಉಂಡೆಯಾಗಿ ನಿಂತರೆ ತಂಪು ಉಂಟು ಅಂತ ಲೆಕ್ಕ, ನಾಳೆಯೂ ಅದೇ ದಿಕ್ಕು. ಪುಡಿಪುಡಿಯಾಗಿ ಬಿದ್ದರೆ ಅಪ್ಪನನ್ನು ಕರೆದು ಮಾತಾಡುತ್ತಿದ್ದರು, ದಿಕ್ಕು ಬದಲಿಸುವುದಾ ಅಂತ. ಒಳಗೆ ಹೋಗುವಾಗ ಒಂದು ದೀಪ ಇರುತ್ತಿತ್ತು. ಬೆಳಕಿಗೂ ಆಯಿತು, ಗಾಳಿಯ ಲೆಕ್ಕಕ್ಕೂ ಆಯಿತು. ದೀಪ ಮಂಕಾಯಿತು ಅಂದರೆ ಒಳಗೆ ಉಸಿರಾಡಲು ಗಾಳಿ ಸಾಲುವುದಿಲ್ಲ. ಅವತ್ತು ಎಷ್ಟೇ ಕೆಲಸ ಬಾಕಿ ಇರಲಿ, ಪಿಕ್ಕಾಸು ಅಲ್ಲೇ ಬಿಟ್ಟು ಹೊರಗೆ ಬರುವುದು.

ನನ್ನ ಯೋಚನೆಗೆ ಈ ಎರಡೂ ಇರಲಿಲ್ಲ. ಮುಷ್ಟಿ ಬಿಚ್ಚಿ ಮಣ್ಣು ನೋಡುವುದೂ ಇಲ್ಲ, ದೀಪ ನೋಡಿ ಹೊರಗೆ ಬರುವುದೂ ಇಲ್ಲ. ಕೊರೆಯುವುದು ಮಾತ್ರ.

ಇದು ನನ್ನೊಬ್ಬಳ ತೊಂದರೆ ಅಲ್ಲ, ಇದನ್ನು ಅಳೆದು ನೋಡಿದವರಿದ್ದಾರೆ ಅಂತ ಗೊತ್ತಾದಾಗ ನನಗೆ ಎಷ್ಟೋ ಧೈರ್ಯ ಬಂತು. ಅಮೆರಿಕದ ಸುಸಾನ್ ನೋಲೆನ್ ಹೋಕ್ಸೆಮಾ ಎಂಬ ಮನಶ್ಶಾಸ್ತ್ರಜ್ಞೆ ಇದನ್ನೇ ಜೀವಮಾನವಿಡೀ ಅಧ್ಯಯನ ಮಾಡಿದರು. 1989ರಲ್ಲಿ ಅವರು ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿದ್ದರು. ಬೇಸರವಾದಾಗ ನೀವು ಏನು ಮಾಡುತ್ತೀರಿ ಅಂತ ವಿದ್ಯಾರ್ಥಿಗಳಿಂದ ಪ್ರಶ್ನಾವಳಿ ತುಂಬಿಸಿಕೊಂಡಿದ್ದರು. ಕೆಲವರು ಎದ್ದು ಏನಾದರೂ ಮಾಡುವವರು, ಕೆಲವರು ಕೂತು ಅದನ್ನೇ ಯೋಚಿಸುವವರು. ಅದಾಗಿ ಎರಡು ವಾರಕ್ಕೆ, ಅಕ್ಟೋಬರ್ 17ರಂದು, ಆ ಪ್ರದೇಶದಲ್ಲಿ ದೊಡ್ಡ ಭೂಕಂಪವಾಯಿತು. 63 ಜನ ಸತ್ತರು. ಹತ್ತು ದಿನ ಬಿಟ್ಟು ಒಮ್ಮೆ, ಏಳು ವಾರ ಬಿಟ್ಟು ಇನ್ನೊಮ್ಮೆ ಅದೇ ವಿದ್ಯಾರ್ಥಿಗಳನ್ನು ವಿಚಾರಿಸಿದರು. ಭೂಮಿ ಎಲ್ಲರ ಕಾಲಡಿಯಲ್ಲೂ ನಡುಗಿತ್ತು. ಆದರೆ ಏಳು ವಾರದ ನಂತರವೂ ಹೆಚ್ಚು ಕುಗ್ಗಿಹೋಗಿದ್ದವರು ಮೊದಲೇ ಆ ಕೂತು ಯೋಚಿಸುವ ಅಭ್ಯಾಸ ಇದ್ದವರು. ಈ ಅಭ್ಯಾಸ ಸರಾಸರಿಯಲ್ಲಿ ಗಂಡಸರಿಗಿಂತ ಹೆಂಗಸರಲ್ಲಿ ಜಾಸ್ತಿ ಅಂತಲೂ ಅವರು ತೋರಿಸಿದರು. ನಮ್ಮ ಮನೆಗಳನ್ನೇ ನೋಡಿ. ಬಾಯಿಬಿಟ್ಟು ಹೇಳಲಾಗದ ಮಾತು ಯಾರ ಹೊಟ್ಟೆಯಲ್ಲಿ ಜಾಸ್ತಿ ಉಳಿಯುತ್ತದೆ?

ಹಾಗಾದರೆ ಯೋಚನೆ ಮಾಡಬಾರದು, ಅಷ್ಟೇ ಅಲ್ವಾ? ಎಲ್ಲರೂ ಹೇಳುವುದು ಅದನ್ನೇ. ಬನ್ನಿ, ಈಗಲೇ ಮಾಡಿ ನೋಡುವ. ಒಂದು ನಿಮಿಷ ಕಣ್ಣು ಮುಚ್ಚಿ. ಏನು ಬೇಕಾದರೂ ಯೋಚಿಸಿ. ಒಂದೇ ಶರತ್ತು. ಯಕ್ಷಗಾನದ ಬಣ್ಣದ ವೇಷವನ್ನು ಮಾತ್ರ ಯೋಚಿಸಬೇಡಿ. ಮುಖದ ತುಂಬ ಚುಟ್ಟಿ ಇಟ್ಟು, ತೆರೆಯ ಹಿಂದಿನಿಂದ ಅಬ್ಬರಿಸುತ್ತಾ ಬರುತ್ತದಲ್ಲ, ಅದನ್ನು. ಅದು ಬಂದರೆ ಕೈ ಎತ್ತಿ.

(ಸಭೆಯಲ್ಲಿ ಕೈ ಎತ್ತದವರು ಇಬ್ಬರೋ ಮೂವರೋ. ಒಬ್ಬ ಹುಡುಗ ಎರಡೂ ಕೈ ಎತ್ತಿದ್ದ.)

1987ರಲ್ಲಿ ಡೇನಿಯಲ್ ವೆಗ್ನರ್ ಎಂಬ ಮನಶ್ಶಾಸ್ತ್ರಜ್ಞರು ಇದೇ ಪರೀಕ್ಷೆಯನ್ನು ಬಿಳಿ ಕರಡಿ ಇಟ್ಟುಕೊಂಡು ಮಾಡಿದರು. ಐದು ನಿಮಿಷ ಬಿಳಿ ಕರಡಿಯನ್ನು ಯೋಚಿಸಬಾರದು, ಯೋಚನೆ ಬಂದರೆ ಗಂಟೆ ಬಾರಿಸಬೇಕು. ಗಂಟೆ ಬಾರಿಸುತ್ತಲೇ ಇದ್ದರು. ಮುಖ್ಯ ವಿಷಯ ಆಮೇಲಿನದು. ಈಗ ಬೇಕಾದರೆ ಯೋಚಿಸಿ ಅಂತ ಬಿಟ್ಟಾಗ, ಮೊದಲು ತಡೆಹಿಡಿದವರ ತಲೆಗೆ ಕರಡಿ ಇನ್ನೂ ಜಾಸ್ತಿ ಬಂತು. ತಡೆದದ್ದು ಹೊಳೆಗೆ ಕಟ್ಟ ಕಟ್ಟಿದ ಹಾಗೆ ಆಯಿತು.

ಅದಕ್ಕೇ "ಮಂಡೆಬಿಸಿ ಮಾಡ್ಬೇಡ" ಅಂತ ಹೇಳಿದರೆ ಪ್ರಯೋಜನ ಇಲ್ಲ. ಹೇಳುವವರಿಗೆ ಪ್ರೀತಿ ಇರುತ್ತದೆ, ನಿಜ. ಕೇಳಿಸಿಕೊಂಡವರಿಗೆ ಮಾತ್ರ ಇನ್ನೊಂದು ಹೊಸ ಮಂಡೆಬಿಸಿ. "ಇಷ್ಟು ಸಣ್ಣ ವಿಷಯವನ್ನೂ ಬಿಡಲಿಕ್ಕೆ ಆಗುವುದಿಲ್ಲವಲ್ಲ ನನಗೆ" ಅಂತ. ದಯವಿಟ್ಟು ಮಕ್ಕಳಿಗೆ ಹಾಗೆ ಹೇಳಬೇಡಿ. "ಏನು ಯೋಚನೆ, ಹೇಳು" ಅನ್ನಿ. ಹೇಳಿ ಮುಗಿಯುವವರೆಗೆ ಕೂತುಕೊಳ್ಳಿ.

ನನಗೆ ಎಲ್ಲಕ್ಕಿಂತ ಹೆಚ್ಚು ಉಪಯೋಗವಾದದ್ದು ಇನ್ನೊಂದು. ಇಂಗ್ಲೆಂಡಿನ ಎಕ್ಸೆಟರ್ ವಿಶ್ವವಿದ್ಯಾಲಯದ ಎಡ್ವರ್ಡ್ ವಾಟ್ಕಿನ್ಸ್ ಅವರ ಕೆಲಸ. ಒಂದೇ ತೊಂದರೆಯ ಬಗ್ಗೆ ಇಬ್ಬರು ಯೋಚಿಸಿದರೂ ಒಬ್ಬರಿಗೆ ದಾರಿ ಕಾಣುತ್ತದೆ, ಇನ್ನೊಬ್ಬರು ಮುಳುಗುತ್ತಾರೆ. ವ್ಯತ್ಯಾಸ ಇರುವುದು ಪ್ರಶ್ನೆಯಲ್ಲಿ ಅಂತ ಅವರು ಕಂಡುಕೊಂಡರು. "ನನಗೇ ಯಾಕೆ ಹೀಗಾಗುತ್ತದೆ", "ನಾನು ಯಾಕೆ ಹೀಗೆ", "ಇದರ ಅರ್ಥ ಏನು" ಅನ್ನುವ ಪ್ರಶ್ನೆಗಳು ಒಂದು ಬಗೆ. "ಏನಾಯಿತು, ಎಲ್ಲಿ, ಯಾವಾಗ, ಮುಂದೆ ಹೇಗೆ" ಅನ್ನುವವು ಇನ್ನೊಂದು ಬಗೆ. ಕುಗ್ಗಿದ ಮನಸ್ಸು ಮೊದಲ ಬಗೆಯ ಪ್ರಶ್ನೆ ಹಿಡಿದರೆ ಇನ್ನೂ ಕುಗ್ಗುತ್ತದೆ. ಎರಡನೆಯದು ಹಿಡಿದರೆ ಕೈಗೆ ಏನಾದರೂ ಸಿಗುತ್ತದೆ.

ಆ ಜುಲೈ ರಾತ್ರಿಯನ್ನು ಮತ್ತೆ ತೆಗೆದುಕೊಳ್ಳಿ. "ಮಹಾಳಿ ಬಂದರೆ ನಮ್ಮ ಗತಿ ಏನು?" ಇದಕ್ಕೆ ರಾತ್ರಿ ಹನ್ನೊಂದಕ್ಕೆ ಯಾರ ಹತ್ತಿರವೂ ಉತ್ತರ ಇಲ್ಲ. ಅದರ ಬದಲು, ಮನೆಯಲ್ಲಿ ಮೈಲುತುತ್ತು ಎಷ್ಟು ಉಂಟು? ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣ, ನೂರು ಲೀಟರ್ ನೀರು, ಅದು ಅಡಿಕೆಗೆ ಬಿಡುವ ಮದ್ದಿನ, ಒಂದು ಶೇಕಡಾ ಬೋರ್ಡೋ ದ್ರಾವಣದ ಲೆಕ್ಕ. ನಮ್ಮ ತೋಟಕ್ಕೆ ಎಷ್ಟು ಬ್ಯಾರೆಲ್ ಬೇಕು? ಸುಣ್ಣ ಹಳೆಯದಾ? ಮರ ಹತ್ತುವವರಿಗೆ ಎಷ್ಟು ಗಂಟೆಗೆ ಫೋನ್ ಮಾಡಬೇಕು? ನಾಳೆ ಬಿಸಿಲು ಬಿದ್ದರೆ ಮೊದಲು ಯಾವ ಬದಿಗೆ? ನೋಡಿ, ವಿಷಯ ಅದೇ. ಮುಷ್ಟಿಯಲ್ಲಿ ಮಣ್ಣು ನಿಂತಿತು. ಐದು ನಿಮಿಷದಲ್ಲಿ ಪ್ರಶ್ನೆಗಳು ಮುಗಿದೇ ಹೋಗುತ್ತವೆ, ಮತ್ತೆ ನಿದ್ದೆ ಬರುತ್ತದೆ.

ಮಾತಿನ ವಿಷಯಕ್ಕೂ ಹೀಗೆಯೇ. ಅವರು ಸ್ಟಾಫ್ ರೂಮಿನಲ್ಲಿ ಹಾಗೆ ಯಾಕೆ ಹೇಳಿದರು ಅಂತ ನಾನು ವಾರಗಟ್ಟಲೆ ಕೊರೆದೆ. ಕೊನೆಗೆ ಒಂದು ದಿನ ಕೇಳಿಯೇ ಬಿಟ್ಟೆ. "ಅವತ್ತು ಹೇಳಿದಿರಲ್ಲ, ಯಾವ ಪಾಠದಲ್ಲಿ ಹಿಂದೆ ಅಂತ ಅನ್ನಿಸಿತು?" ಅವರು ತಕ್ಷಣ ಹೇಳಿದರು, ಭಿನ್ನರಾಶಿಯಲ್ಲಿ ಅಂತ. ಅವರ ವಿಜ್ಞಾನದ ಪಾಠಕ್ಕೆ ಅದು ಬೇಕಾಗಿತ್ತಂತೆ. ಆ ಶನಿವಾರ ಮಕ್ಕಳನ್ನು ಕೂರಿಸಿ ಭಿನ್ನರಾಶಿ ಮತ್ತೆ ಹೇಳಿಕೊಟ್ಟೆ.

ನಮ್ಮ ಗಡಿನಾಡಿನವರಿಗೆ ಇನ್ನೊಂದು ಬಗೆಯ ಯೋಚನೆ ಉಂಟು. ಬೇರೆ ಕಡೆಯವರಿಗೆ ಇದು ಅಷ್ಟು ಅರ್ಥ ಆಗಲಿಕ್ಕಿಲ್ಲ. 1956ರ ನವೆಂಬರ್ 1ರಿಂದ ನಾವು ಕೇರಳದಲ್ಲಿದ್ದೇವೆ. ಮನೆಯಲ್ಲಿ ಕನ್ನಡವೋ ತುಳುವೋ, ಆಫೀಸಿನಲ್ಲಿ ಮಲಯಾಳ. ನನ್ನ ಶಿಷ್ಯನೊಬ್ಬ ಹೇಳಿದ. ವಿದ್ಯಾನಗರದ ಕಲೆಕ್ಟರೇಟಿಗೆ ಒಂದು ಸರ್ಟಿಫಿಕೇಟಿಗಾಗಿ ಹೋಗುವಾಗ ಬದಿಯಡ್ಕದಿಂದ ಬಸ್ಸಿನಲ್ಲಿ ಇಡೀ ದಾರಿ ಒಂದೇ ಮಲಯಾಳ ವಾಕ್ಯವನ್ನು ಮನಸ್ಸಿನಲ್ಲಿ ಹೇಳಿಕೊಂಡು ಹೋದನಂತೆ. ಕೌಂಟರಿನಲ್ಲಿ ಹೇಳಿ ಆಯಿತು, ಕೆಲಸವೂ ಆಯಿತು. ಬರುವಾಗ ಮತ್ತೆ ಇಡೀ ದಾರಿ, ನಾನು ಹೇಳಿದ್ದು ತಪ್ಪಾಯಿತಾ, ಅವರು ನಕ್ಕದ್ದು ಯಾಕೆ, ಪಕ್ಕದವನು ತಿರುಗಿ ನೋಡಿದ್ದು ಯಾಕೆ. ನಾನು ಅವನಿಗೆ ಕೇಳಿದ್ದು ಒಂದೇ. "ಸರ್ಟಿಫಿಕೇಟ್ ಕೈಯಲ್ಲಿ ಉಂಟಾ?" ಉಂಟು ಟೀಚರೇ ಅಂದ. "ಅದರಲ್ಲಿ ಹೆಸರು ಸರಿ ಉಂಟಾ ನೋಡು." ನೋಡಿದರೆ ತಂದೆಯ ಹೆಸರಿನಲ್ಲಿ ಒಂದು ಅಕ್ಷರ ತಪ್ಪಿತ್ತು. ಎರಡು ದಾರಿಯ ಯೋಚನೆಯಲ್ಲಿ ಅದನ್ನು ನೋಡುವುದಕ್ಕೇ ಅವನಿಗೆ ಬಿಡುವಾಗಿರಲಿಲ್ಲ ಪಾಪ. ಇದನ್ನು ಅವನ ತಪ್ಪು ಅಂತ ಹೇಳುತ್ತಿಲ್ಲ. ಬೇರೆ ಭಾಷೆಯ ಮುಂದೆ ನಿಂತು ಸಣ್ಣವರಾಗುವ ನೋವು ನಮಗೆಲ್ಲ ಗೊತ್ತು. ಆದರೆ ಆ ನೋವು ನಮ್ಮ ಕಣ್ಣನ್ನೂ ಕಟ್ಟಬಾರದು.

ರಾತ್ರಿಯ ಯೋಚನೆಗೆ ಏನು ಮಾಡುವುದು? ಎರಡು ಉಪಾಯ ಹೇಳುತ್ತೇನೆ. ಎರಡನ್ನೂ ನಾನು ಮಾಡಿ ನೋಡಿದ್ದೇನೆ.

ಒಂದು, ಯೋಚನೆಗೆ ಹೊತ್ತು ಗೊತ್ತು ಮಾಡುವುದು. ಅಮೆರಿಕದ ಥಾಮಸ್ ಬೊರ್ಕೊವೆಕ್ ಮತ್ತು ಜೊತೆಗಾರರು 1983ರಲ್ಲೇ ಇದನ್ನು ಪರೀಕ್ಷಿಸಿದ್ದರು. ದಿನಕ್ಕೆ ಅರ್ಧ ಗಂಟೆ, ಅದೇ ಹೊತ್ತು, ಅದೇ ಜಾಗ. ಉಳಿದ ಹೊತ್ತಿನಲ್ಲಿ ಯೋಚನೆ ಬಂದರೆ ಓಡಿಸುವುದಿಲ್ಲ, "ಸಂಜೆ ಬಾ" ಅಂತ ಹೇಳುವುದು. ನನ್ನದು ಸಂಜೆ ಐದೂವರೆ, ಹಿಂದಿನ ಜಗಲಿ. ಹಾಸಿಗೆಯಲ್ಲಿ ಮಾತ್ರ ಬೇಡ, ಮಲಗುವ ಹೊತ್ತಿನ ಹತ್ತಿರವೂ ಬೇಡ. ಮೊದಲ ವಾರ ನನ್ನಿಂದ ಆಗಲೇ ಇಲ್ಲ. ಬೆಳಿಗ್ಗೆ ದೋಸೆ ಹೊಯ್ಯುವಾಗಲೇ ಯೋಚನೆ ಬಂದು ಕೂರುತ್ತಿತ್ತು. ಮೂರನೇ ವಾರಕ್ಕೆ ವಿಚಿತ್ರ ಆಯಿತು. ಸಂಜೆ ಜಗಲಿಯಲ್ಲಿ ಕೂತರೆ, ಬೆಳಿಗ್ಗೆ ಅಷ್ಟು ದೊಡ್ಡದಾಗಿದ್ದ ವಿಷಯ ಯಾವುದು ಅಂತ ನೆನಪೇ ಆಗುತ್ತಿರಲಿಲ್ಲ.

ಇನ್ನೊಂದು, ಬರೆಯುವುದು. 2018ರಲ್ಲಿ ಬೇಲರ್ ವಿಶ್ವವಿದ್ಯಾಲಯದವರು 57 ಯುವಕ ಯುವತಿಯರನ್ನು ನಿದ್ದೆಯ ಲ್ಯಾಬಿನಲ್ಲಿ ಮಲಗಿಸಿ ನೋಡಿದರು. ಮಲಗುವ ಮುಂಚೆ ಐದು ನಿಮಿಷ ಅರ್ಧ ಜನ ಆಗಲೇ ಮುಗಿಸಿದ ಕೆಲಸಗಳನ್ನು ಬರೆದರು. ಇನ್ನರ್ಧ ಜನ ಮುಂದೆ ಮಾಡಬೇಕಾದ ಕೆಲಸಗಳನ್ನು ಬರೆದರು. ಮಾಡಬೇಕಾದದ್ದನ್ನು ಬರೆದವರಿಗೆ ಸುಮಾರು ಒಂಬತ್ತು ನಿಮಿಷ ಬೇಗ ನಿದ್ದೆ ಬಂತು. ಬಿಡಿಬಿಡಿಯಾಗಿ ಬರೆದಷ್ಟೂ ಬೇಗ. "ತೋಟದ ಕೆಲಸ" ಅಂತ ಬರೆದರೆ ಸಾಲದು. "ಆರು ಗಂಟೆಗೆ ಫೋನ್, ಸುಣ್ಣ ಐದು ಕಿಲೋ" ಅಂತ ಬರೆಯಬೇಕು. ಮೊಬೈಲಿನಲ್ಲಿ ಬೇಡ, ಕಾಗದದಲ್ಲಿ ಬರೆಯಿರಿ. ಮೊಬೈಲ್ ತೆರೆದರೆ ಗಲ್ಫಿನಲ್ಲಿರುವ ಮಗ ಮೆಸೇಜ್ ನೋಡಿದ್ದಾನಾ, ನೀಲಿ ಗೆರೆ ಬಂತಾ, ನೋಡಿಯೂ ಯಾಕೆ ಉತ್ತರ ಇಲ್ಲ ಅಂತ ಬೇರೆಯೇ ಸುರಂಗ ಶುರುವಾಗುತ್ತದೆ.

ನಡೆಯುವುದೂ ಒಳ್ಳೆಯದು. ಮರಗಳ ನಡುವೆ ಒಂದೂವರೆ ಗಂಟೆ ನಡೆದವರಲ್ಲಿ ಈ ಮೆಲುಕು ಕಡಿಮೆಯಾದದ್ದನ್ನು, ಗದ್ದಲದ ರಸ್ತೆ ಬದಿಯಲ್ಲಿ ನಡೆದವರಲ್ಲಿ ಹಾಗೆ ಆಗದ್ದನ್ನು 2015ರ ಒಂದು ಅಧ್ಯಯನ ತೋರಿಸಿತ್ತು. ನಮಗೆ ಮರಗಳಿಗೇನು ಬರಗಾಲ ಇಲ್ಲ. ತೋಟಕ್ಕೆ ಇಳಿದರಾಯಿತು.

ಬರೆದಿಟ್ಟರೆ ಇನ್ನೊಂದು ಲಾಭ ಉಂಟು. ಆಮೇಲೆ ತೆಗೆದು ನೋಡಬಹುದು. ಪೆನ್ಸಿಲ್ವೇನಿಯಾದಲ್ಲಿ ಅತಿ ಆತಂಕದ ಕಾಯಿಲೆ ಇರುವ 29 ಜನರಿಂದ ಹತ್ತು ದಿನ ಅವರ ಚಿಂತೆಗಳನ್ನೆಲ್ಲ ಬರೆಸಿ, ಒಟ್ಟು ಮೂವತ್ತು ದಿನದವರೆಗೆ ನೋಡುತ್ತಾ, ಯಾವುದು ನಿಜವಾಯಿತು ಅಂತ ಅವರಿಂದಲೇ ಗುರುತು ಹಾಕಿಸಿದರು. 2020ರಲ್ಲಿ ಪ್ರಕಟವಾದ ಲೆಕ್ಕ. ನೂರರಲ್ಲಿ 91ಕ್ಕೂ ಹೆಚ್ಚು ಚಿಂತೆಗಳು ನಿಜವಾಗಲೇ ಇಲ್ಲ. ಜನ ಕಡಿಮೆ, ಹಾಗಾಗಿ ಅದೇ ಅಂಕಿ ಎಲ್ಲರಿಗೂ ಅನ್ವಯಿಸುತ್ತದೆ ಅಂತ ನಾನು ಹೇಳುವುದಿಲ್ಲ. ನಿಮ್ಮ ಲೆಕ್ಕವನ್ನು ನೀವೇ ಬರೆದು ನೋಡಿ. ನಾನು ಒಂದು ಹಳೆಯ ಹಾಜರಿ ಪುಸ್ತಕದಲ್ಲಿ ಬರೆಯುತ್ತೇನೆ. ನಿಜವಾದದ್ದಕ್ಕೆ ಕೆಂಪು ಶಾಯಿಯ ಗುರುತು. ಕಳೆದ ವರ್ಷದ್ದರಲ್ಲಿ ಕೆಂಪು ಗುರುತು ಬೆರಳಲ್ಲಿ ಎಣಿಸುವಷ್ಟೇ ಇದ್ದವು.

ಆದರೆ ಇದ್ದವು. ಅದನ್ನು ಮುಚ್ಚಿಡಬಾರದು. 2020ರ ಮಾರ್ಚ್ ಕೊನೆಯಲ್ಲಿ ತಲಪಾಡಿಯಲ್ಲಿ ಗಡಿ ಮುಚ್ಚಿದ ದಿನಗಳು ನೆನಪಿವೆಯಲ್ಲ. ಮಂಗಳೂರಿನ ಆಸ್ಪತ್ರೆಗಳನ್ನೇ ನಂಬಿದ ಊರು ನಮ್ಮದು. ಡಯಾಲಿಸಿಸ್‌ಗೆ ಹೋಗುವವರು, ಹೃದಯದ ಕಾಯಿಲೆಯವರು ಇರುವ ಮನೆಗಳಲ್ಲಿ ಆಗ ಯಾರೂ ನಿದ್ದೆ ಮಾಡಲಿಲ್ಲ. ಆ ಚಿಂತೆ ಸುಳ್ಳಾಗಿರಲಿಲ್ಲ. ಅವರ ಹತ್ತಿರ ಹೋಗಿ "ನೂರರಲ್ಲಿ 91 ಸುಳ್ಳಾಗುತ್ತದೆ" ಅಂತ ಹೇಳಲಾಗುತ್ತದಾ?

ಇನ್ನೊಂದು ವಿಷಯ, ದಯವಿಟ್ಟು ಗಮನ ಇಟ್ಟು ಕೇಳಿ. ಎರಡು ವಾರಕ್ಕಿಂತ ಜಾಸ್ತಿ ನಿದ್ದೆ ಬರುವುದಿಲ್ಲ, ಊಟ ಸೇರುವುದಿಲ್ಲ, ಮೊದಲು ಖುಷಿ ಕೊಡುತ್ತಿದ್ದದ್ದು ಯಾವುದೂ ಬೇಡ ಅನ್ನಿಸುತ್ತದೆ, ಬದುಕಿ ಏನು ಪ್ರಯೋಜನ ಅನ್ನುವ ಯೋಚನೆ ಬರುತ್ತದೆ. ಹೀಗಿದ್ದರೆ ಪುಸ್ತಕ, ಪೆನ್ನು, ನಡಿಗೆ ಸಾಲದು. ಅದು ದೀಪ ಮಂಕಾದ ಗುರುತು. ಡಾಕ್ಟರ ಹತ್ತಿರ ಹೋಗಬೇಕು. ಸುಮ್ನೆ ತಡ ಮಾಡಬೇಡಿ, ಊರಿನವರು ಏನು ಹೇಳುತ್ತಾರೆ ಅಂತ ನೋಡಬೇಡಿ. 14416ಕ್ಕೆ ಫೋನ್ ಮಾಡಬಹುದು. ಟೆಲಿ ಮಾನಸ್ ಅಂತ, 2022ರ ಅಕ್ಟೋಬರ್‌ನಲ್ಲಿ ಶುರುವಾದ ಸರಕಾರದ ಸಹಾಯವಾಣಿ. ಹಗಲು ರಾತ್ರಿ ಇರುತ್ತದೆ, ದುಡ್ಡಿಲ್ಲ, ಭಾಷೆ ಆರಿಸಿಕೊಳ್ಳಬಹುದು. ನಂಬರ್ ಈಗಲೇ ಬರೆದುಕೊಳ್ಳಿ, ನಿಮಗೆ ಬೇಡವಾದರೂ ಪಕ್ಕದ ಮನೆಯವರಿಗೆ ಬೇಕಾಗಬಹುದು.

ಮಾತು ಇಲ್ಲಿಗೆ ಮುಗಿಸಿದ್ದೆ. ಪ್ರಶ್ನೆ ಕೇಳಿ ಅಂದೆ.

ಒಬ್ಬ ಹುಡುಗ ಎದ್ದು, "ಟೀಚರ್, ಏನು ಮಾಡಬೇಕು ಅಂತ ಗೊತ್ತಿದ್ದರೂ ಎರಡು ದಾರಿಯಲ್ಲಿ ಒಂದನ್ನು ಆರಿಸಲಿಕ್ಕೆ ಆಗುವುದಿಲ್ಲ, ಅದಕ್ಕೆ ಏನು?" ಅಂತ ಕೇಳಿದ. ಮಂಗಳೂರಿನಲ್ಲಿ ಓದುವುದಾ, ಇಲ್ಲೇ ಪಿಎಸ್‌ಸಿಗೆ ಕೂರುವುದಾ ಅಂತ ಅವನ ಪ್ರಶ್ನೆ. ಕೊನೆಯ ದಿನಾಂಕ ಯಾವಾಗ ಅಂತ ಕೇಳಿದೆ. ಮುಂದಿನ ತಿಂಗಳು 12. ಹಾಗಾದರೆ 5ನೇ ತಾರೀಕಿನವರೆಗೆ ವಿಚಾರಿಸು, ಎರಡೂ ದಾರಿಯಲ್ಲಿ ಹೋದವರನ್ನು ಒಬ್ಬೊಬ್ಬರನ್ನಾದರೂ ಹೋಗಿ ಕಾಣು, 5ರಂದು ಸಂಜೆ ತೀರ್ಮಾನ ಮಾಡು ಅಂದೆ. ಗೆಳೆಯನಿಗೆ ಇದೇ ತೊಂದರೆ ಬಂದು ನಿನ್ನನ್ನು ಕೇಳಿದರೆ ಏನು ಹೇಳುತ್ತಿದ್ದೆ ಅಂತಲೂ ಕೇಳಿದೆ. ಅವನಿಗೆ ಥಟ್ಟಂತ ಉತ್ತರ ಬಂತು. ಬಂದದ್ದಕ್ಕೆ ಅವನಿಗೇ ಆಶ್ಚರ್ಯವಾಯಿತು.

ಆಮೇಲೆ ಹಿಂದಿನ ಸಾಲಿನಲ್ಲಿ ಗೋಡೆಗೆ ಒರಗಿ ಕೂತಿದ್ದ ಒಬ್ಬರು ಅಕ್ಕ ಎದ್ದು ನಿಂತರು. ಮೆಲ್ಲನೆ ಮಾತಾಡಿದರು, ಎಲ್ಲರೂ ಸುಮ್ಮನಾದೆವು.

"ಟೀಚರೇ, ನನಗೆ 61. ಮಗನಿಗೆ 30 ಆಯಿತು. ಅವನನ್ನು ಎತ್ತಿ ಕೂರಿಸುವುದು, ಊಟ ಕೊಡುವುದು, ಎಲ್ಲ ನಾನೇ. ನನ್ನ ನಂತರ ಅವನಿಗೆ ಯಾರು ಅಂತ ದಿನಾ ರಾತ್ರಿ ಯೋಚನೆ ಬರುತ್ತದೆ. ಅದೂ ನೀವು ಹೇಳಿದ ಮಂಡೆಬಿಸಿಯಾ?"

ಈ ಸುತ್ತಿನ ಊರುಗಳು ಯಾವುವು ಅಂತ ಓದುವವರಿಗೆ ಗೊತ್ತಿರಬಹುದು. 1970ರ ದಶಕದ ಕೊನೆಯಿಂದ 2000ದವರೆಗೆ ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಎಂಬ ಕೀಟನಾಶಕ ಸುರಿದ ಊರುಗಳು. ಪಡ್ರೆ, ಎಣ್ಮಕಜೆಯ ಎಷ್ಟೋ ಮನೆಗಳಲ್ಲಿ ಈ ಪ್ರಶ್ನೆ ಕೇಳುವ ತಾಯಂದಿರಿದ್ದಾರೆ.

"ಅಲ್ಲ ಅಕ್ಕಾ" ಅಂದೆ. "ಅದು ಮಂಡೆಬಿಸಿ ಅಲ್ಲ. ಅದು ಕೇಳಲೇಬೇಕಾದ ಪ್ರಶ್ನೆ. ನೀವೊಬ್ಬರೇ ರಾತ್ರಿ ಕೂತು ಕೇಳಿಕೊಳ್ಳುವ ಪ್ರಶ್ನೆ ಮಾತ್ರ ಅಲ್ಲ. ನಾವೆಲ್ಲ ಸೇರಿ ಹಗಲು ಕೇಳಬೇಕಾದದ್ದು."

ಸಭೆ ಮುಗಿದ ಮೇಲೆ ಅವರ ಪಕ್ಕದಲ್ಲಿ ಕೂತೆ. 1999ರ ನ್ಯಾಷನಲ್ ಟ್ರಸ್ಟ್ ಕಾನೂನಿನಲ್ಲಿ ಇದಕ್ಕೆ ಒಂದು ದಾರಿ ಉಂಟು. ಸೆರೆಬ್ರಲ್ ಪಾಲ್ಸಿ, ಆಟಿಸಂ, ಬುದ್ಧಿ ಬೆಳವಣಿಗೆಯ ತೊಂದರೆ, ಒಂದಕ್ಕಿಂತ ಹೆಚ್ಚು ಅಂಗವೈಕಲ್ಯ ಇರುವವರಿಗೆ 18 ವರ್ಷ ದಾಟಿದ ಮೇಲೆ ಕಾನೂನು ಪ್ರಕಾರ ಪೋಷಕರನ್ನು ನೇಮಿಸಬಹುದು. ಅದನ್ನು ಮಾಡುವುದು ಜಿಲ್ಲೆಯ ಲೋಕಲ್ ಲೆವೆಲ್ ಕಮಿಟಿ, ಕಲೆಕ್ಟರ್ ಅದರ ಅಧ್ಯಕ್ಷರು. ನಿರಾಮಯ ಅಂತ ಒಂದು ಲಕ್ಷ ರೂಪಾಯಿವರೆಗಿನ ಆರೋಗ್ಯ ವಿಮೆಯೂ ಅದೇ ಟ್ರಸ್ಟಿನದು. ಅವರಿಗೆ ಪಿಂಚಣಿ ಗೊತ್ತಿತ್ತು, ಇದು ಗೊತ್ತಿರಲಿಲ್ಲ.

ಚೀಲದಿಂದ ಒಂದು ಪ್ಲಾಸ್ಟಿಕ್ ತೊಟ್ಟೆ ತೆಗೆದರು. ಮೂರು ಸುತ್ತು ಮಡಚಿ ರಬ್ಬರ್ ಬ್ಯಾಂಡ್ ಹಾಕಿತ್ತು. ಮಗನ ಕಾಗದಗಳೆಲ್ಲ ಅದರಲ್ಲಿ. ಎಲ್ಲಿಗೆ ಹೋದರೂ ಜೊತೆಗೇ ಇರುತ್ತದಂತೆ. ಒಂದೊಂದಾಗಿ ಮೇಜಿನ ಮೇಲೆ ಹರಡಿದೆವು. ಅಂಗವೈಕಲ್ಯ ಸರ್ಟಿಫಿಕೇಟ್ ಇತ್ತು. ಆಧಾರ್ ಇತ್ತು. ರೇಷನ್ ಕಾರ್ಡಿನ ಪ್ರತಿ ಮಡಿಕೆಯಲ್ಲಿ ಹರಿದಿತ್ತು. ಫೋಟೋ ಹಳೆಯದು, ಅದರಲ್ಲಿ ಅವನು ಇನ್ನೂ ಸಣ್ಣ ಹುಡುಗ.

"ಪೋಷಕರಾಗಿ ಯಾರನ್ನು ಹೇಳಬಹುದು?" ಅಂತ ಕೇಳಿದೆ.

"ತಂಗಿಯ ಮಗ ಒಬ್ಬ ಇದ್ದಾನೆ. ಒಳ್ಳೆಯವ. ನನ್ನ ಮಗನ ಮೇಲೆ ಜೀವ. ಆದರೆ ಇಷ್ಟರವರೆಗೆ ಅವನ ಹತ್ತಿರ ಬಾಯಿಬಿಟ್ಟು ಕೇಳಲಿಲ್ಲ."

ಯಾಕೆ ಕೇಳಲಿಲ್ಲ ಅಂತ ನನ್ನ ಬಾಯಿಗೆ ಬಂದೇಬಿಟ್ಟಿತ್ತು. ತಡೆದುಕೊಂಡೆ.

"ಅವನು ಯಾವಾಗ ಸಿಗುತ್ತಾನೆ ಅಕ್ಕಾ?"

"ಶನಿವಾರ ಬರ್ತಾನೆ. ಮಗನ ಕೂದಲು ತೆಗೆಯಲಿಕ್ಕೆ ಅವನೇ ಬರುವುದು."

"ಶನಿವಾರ ಕೇಳುವ. ನಾನೂ ಬರಬೇಕಾ?"

ಸ್ವಲ್ಪ ಹೊತ್ತು ಸುಮ್ಮನಿದ್ದು, ಬನ್ನಿ ಅಂದರು.

ಒಂದು ಚೀಟಿಯಲ್ಲಿ ಬರೆದುಕೊಂಡೆವು. ಹೊಸ ಫೋಟೋ, ಪೆರ್ಲದಲ್ಲಿ. ರೇಷನ್ ಕಾರ್ಡಿನ ಇನ್ನೊಂದು ಪ್ರತಿ. ಶನಿವಾರ ಮಧ್ಯಾಹ್ನ ಅವರ ಮನೆ. ಅದರ ಮುಂದಿನ ಮಂಗಳವಾರ ಬೆಳಿಗ್ಗೆಯ ಬಸ್ಸಿಗೆ ವಿದ್ಯಾನಗರ. ಅರ್ಜಿ ಮಲಯಾಳದಲ್ಲಿದ್ದರೆ ನಾನು ಓದಿ ಹೇಳುತ್ತೇನೆ. ಚೀಟಿಯನ್ನು ಅವರು ಆ ತೊಟ್ಟೆಯೊಳಗೆ, ಎಲ್ಲ ಕಾಗದಗಳ ಮೇಲೆ ಇಟ್ಟು, ಮೂರು ಸುತ್ತು ಮಡಚಿ ರಬ್ಬರ್ ಬ್ಯಾಂಡ್ ಹಾಕಿದರು.